ಹೊತ್ತು ಮುಳುಗೋ ಕಡೆಯ ಗೋಡೆ

ಎರಡು ಬ್ಯಾಸಗಿ ಹಿಂದಿನ ಮಾತು. ಮೇ ತಿಂಗಳು, ರಾತ್ರಿ ಹತ್ತೂವರೆ. ನೀರು ಕುಡಿಯಲು ಎದ್ದ ಅವ್ವ ಅಡುಗೆಮನೆ ಹೊಸ್ತಿಲ ಹತ್ತಿರ ಕುಸಿದು ಕೂತಳು. ಮೈಯೆಲ್ಲ ಕಾದ ಹಂಚು, ಮಾತು ತೊದಲುತ್ತಿತ್ತು. ತಲೆಗೆ ತಣ್ಣೀರು ಹಾಕಿ, ಒದ್ದೆ ಟವೆಲ್ ಸುತ್ತಿ, ಪಕ್ಕದ ಮನೆಯವರ ಗಾಡಿಯಲ್ಲಿ ಬೀಳಗಿಗೆ ಒಯ್ದೆವು. ಎರಡು ಬಾಟಲಿ ಸಲಾಯಿನ್ ಏರಿಸಿದ ಡಾಕ್ಟರು ಬೆಳಗಿನ ಜಾವ ಕೇಳಿದ್ದು ಒಂದೇ ಪ್ರಶ್ನೆ: "ಇವರು ಮಲಗೋ ಖೋಲಿ ಯಾವ ಕಡೆ ಐತ್ರಿ?"

ನಾವು ಬಾಯಿ ಬಿಡುವ ಮೊದಲೇ ಅಪ್ಪ ಹೇಳಿದ: "ಹೊತ್ತು ಮುಳುಗೋ ಕಡೆ ಐತ್ರಿ ಸಾಹೇಬ್ರ. ಮಧ್ಯಾಹ್ನ ತನಕ ಆರಾಮ ಇರತೈತಿ, ರಾತ್ರಿ ಗ್ವಾಡಿ ಬೆಂಕಿ."

ರಾತ್ರಿ ಗೋಡೆ ಬೆಂಕಿ. ಈ ಮಾತನ್ನು ಮನೆಯಲ್ಲಿ ಎಲ್ಲರೂ ವರ್ಷಾನುಗಟ್ಟಲೆ ಆಡಿದ್ದೆವು. ಬಿಸಿಲು ಹೋಗಿ ನಾಲ್ಕು ತಾಸಾದ ಮೇಲೆ ಗೋಡೆ ಯಾಕೆ ಕಾಯುತ್ತದೆ ಎಂದು ಒಬ್ಬರೂ ಕೇಳಿರಲಿಲ್ಲ. ಬೀಳಗಿ ತಾಲೂಕಿನಲ್ಲಿ ಬ್ಯಾಸಗಿ ಅಂದರೆ 40 ಡಿಗ್ರಿ ದಾಟುವುದೇ, ಅದರಲ್ಲೇನು ಹೊಸದು ಎಂಬ ಉದಾಸೀನ. ಅವ್ವ ಬಿ.ಪಿ. ಗುಳಿಗೆ ನುಂಗುವವಳು. ಇನ್ನೊಂದು ಮೇ ತಿಂಗಳು ಆ ಖೋಲಿಯಲ್ಲಿ ಹಾಗೇ ಕಳೆಯುವಂತಿಲ್ಲ ಎಂದು ಗೊತ್ತಾಗಿದ್ದು ಆವತ್ತೇ.

ನಮ್ಮೂರು ಬಾಡಗಂಡಿ. ನಮ್ಮ ಹಳೆಯ ಮನೆ ಮಣ್ಣಿನ ಮಾಳಿಗೆಯದು. ಕಲ್ಲು-ಮಣ್ಣಿನ ಎರಡು ಮೊಳ ದಪ್ಪದ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಗೇಣು ದಪ್ಪ ಮಣ್ಣು, ನಡುವೆ ಬೆಳಕಿಂಡಿ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ವಾರದ ತನಕ ಬಿಡಲಿಲ್ಲವಲ್ಲ, ಉತ್ತರ ಕರ್ನಾಟಕದ ತುಂಬ ಮಣ್ಣಿನ ಮನೆಗಳು ಹೆಂಟೆಯಂತೆ ಕರಗಿದ್ದು ಆಗಲೇ. ನಮ್ಮ ಹಿಂದಿನ ಗೋಡೆಯೂ ಕುಳಿತಿತು. ಮರುವರ್ಷ ಅಪ್ಪ ಸಾಲ ಮಾಡಿ ಇಟ್ಟಂಗಿ-ಸಿಮೆಂಟಿನ ಸ್ಲ್ಯಾಬ್ ಮನೆ ಕಟ್ಟಿಸಿದ. ಮಳೆಗೆ ಹೆದರುವುದು ತಪ್ಪಿತು. ಧಗಿ ಶುರುವಾಯಿತು.

ಹೊಸ ಮನೆಯಲ್ಲಿ ಅವ್ವನ ಖೋಲಿ ಕೆಳಗಿನದು. ಅದರ ತಲೆ ಮೇಲೆ ಇನ್ನೊಂದು ಖೋಲಿ ಇದೆ, ಉಳ್ಳಾಗಡ್ಡಿ, ಗೋವಿನಜೋಳದ ಚೀಲ ಇಡುವುದಕ್ಕೆ. ಹಾಗಾಗಿ ಮಾಳಿಗೆಯ ಬಿಸಿಲು ಅವಳಿಗೆ ನೇರವಾಗಿ ತಟ್ಟುವುದಿಲ್ಲ. ತಟ್ಟುವುದು ಪಶ್ಚಿಮದ ಗೋಡೆ. 22 ಅಡಿ ಉದ್ದ, 11 ಅಡಿ ಎತ್ತರ, ಒಂಬತ್ತು ಇಂಚಿನ ಇಟ್ಟಂಗಿ. ಆ ಕಡೆ ಗಿಡವಿಲ್ಲ, ಮನೆಯಿಲ್ಲ, ಹೊಲವಷ್ಟೇ.

ಮೇ ಮೊದಲ ವಾರದಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ನೆಟ್ಟಗೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಆ ಹೊತ್ತಿನಲ್ಲಿ ಗೋಡೆಗಳಿಗೆ ಬಿಸಿಲೇ ಇಲ್ಲ, ಎಲ್ಲವೂ ಮಾಳಿಗೆ ಮೇಲೆ. ಮೂರರ ಮೇಲೆ ಸೂರ್ಯ ಪಶ್ಚಿಮಕ್ಕೆ ವಾಲಿದಾಗ ಆ ಗೋಡೆಗೆ ಎದುರಿಗೇ ನಿಲ್ಲುತ್ತಾನೆ, ಮುಳುಗುವ ತನಕ ಬಿಡುವುದಿಲ್ಲ. ಹೊರ ಮೈಗೆ ಬಿದ್ದ ಕಾವು ಒಂಬತ್ತು ಇಂಚು ದಾಟಿ ಒಳ ಮೈಗೆ ಬರಲು ಆರೇಳು ತಾಸು ಬೇಕು. ನಾಲ್ಕು ಗಂಟೆಯ ಬಿಸಿಲು ಹತ್ತೂವರೆಗೆ ಅವ್ವನ ಹಾಸಿಗೆಗೆ ಬರುತ್ತದೆ. ನೀವೂ ನಿಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಪಶ್ಚಿಮದ ಗೋಡೆಗೆ ಒಮ್ಮೆ ಅಂಗೈ ಇಟ್ಟು, ಆಮೇಲೆ ನಡುಗೋಡೆಗೆ ಇಟ್ಟು ನೋಡಿ. ಬೇರೆ ಯಂತ್ರ ಬೇಡ.

ಮೊದಲು ಎಲ್ಲರೂ ಹೇಳಿದ್ದು ಎಸಿ. ಲೆಕ್ಕ ಹಾಕಿದೆವು. ಒಂದೂವರೆ ಟನ್ನಿನದು ತಾಸಿಗೆ ಒಂದರಿಂದ ಒಂದೂವರೆ ಯೂನಿಟ್ ತಿನ್ನುತ್ತದೆ. ರಾತ್ರಿ ಎಂಟು ತಾಸು ಹಚ್ಚಿದರೆ ತಿಂಗಳಿಗೆ ಎಸಿಯೊಂದೇ 240 ಯೂನಿಟ್ ದಾಟುತ್ತದೆ. 2023ರಿಂದ ಗೃಹಜ್ಯೋತಿಯಲ್ಲಿ ಬರುತ್ತಿರುವ ಸೊನ್ನೆ ಬಿಲ್ಲು ಆ ತಿಂಗಳು ಕೈಬಿಟ್ಟಂತೆಯೇ, ಅದರ ಮಿತಿ ಎಷ್ಟಿದ್ದರೂ 200 ಯೂನಿಟ್. ಮೇಲಾಗಿ ಕರೆಂಟು ಹೋಗುವುದು, ವೋಲ್ಟೇಜ್ ಇಳಿಯುವುದು ಎಲ್ಲರೂ ಹಚ್ಚಿಕೊಳ್ಳುವ ಅದೇ ಹೊತ್ತಿಗೆ. ಕೂಲರ್ ಇತ್ತು. ಒಣ ಬಿಸಿಲಿಗೆ ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಒಂದು ಕಡೆ ಕೂಲರ್ ತಂಪು ಊದುತ್ತಿರುವಾಗ ಇನ್ನೊಂದು ಕಡೆ 240 ಚದರಡಿಯ ಒಲೆ ಉರಿಯುತ್ತಿದ್ದರೆ ಏನು ಪ್ರಯೋಜನ?

ಬೇವಿನ ಸಸಿ ಹಚ್ಚಿದೆವು. ಅದು ನೆರಳು ಕೊಡಲು ಇನ್ನೂ ಐದಾರು ವರ್ಷ ಬೇಕು.

ಆಯಿ ಒಂದು ಉಪಾಯ ಹೇಳಿದಳು. "ಕಣಕಿ ಸಿವುಡು ತಂದು ಗ್ವಾಡಿಗೆ ಒತ್ತಿ ನಿಲ್ಲಸ್ರೋ. ನಾವು ಹಂಗ ಮಾಡತಿದ್ವಿ." ಜೋಳದ ದಂಟಿನೊಳಗೆ ಬೆಂಡು, ಬೆಂಡಿನ ತುಂಬ ಗಾಳಿ. ನಿಂತ ಗಾಳಿಗಿಂತ ಒಳ್ಳೆಯ ಹೊದಿಕೆ ಇಲ್ಲ. ಕೌದಿ, ಉಣ್ಣೆಯ ಕಂಬಳಿ ಬೆಚ್ಚಗಿರುವುದೂ ಅದರಲ್ಲಿ ಸಿಕ್ಕಿಬಿದ್ದ ಗಾಳಿಯಿಂದಲೇ. ಒಂದು ಬ್ಯಾಸಗಿಯ ಕೊನೆಯ ಇಪ್ಪತ್ತು ದಿನ ಹಾಗೆ ಮಾಡಿದೆವು, ಗೋಡೆ ನಿಜಕ್ಕೂ ತಣ್ಣಗಾಯಿತು. ಆದರೆ ಸಿವುಡಿನ ಸಂದಿಯಲ್ಲಿ ಚೇಳು ಬಂದವು, ಒಂದು ದಿನ ಹಾವಿನ ಪೊರೆ ಸಿಕ್ಕಿತು. ಒಂದು ಬೀಡಿ ಕಿಡಿ ಬಿದ್ದರೆ ಗತಿಯೇನು ಎಂದು ಅಪ್ಪ ತಾನೇ ತೆಗೆಸಿದ. ಆಯಿಯ ಮಾತಿನಲ್ಲಿ ಒಂದು ಸುಳಿವು ಉಳಿಯಿತು: ಹೊದಿಕೆ ಗೋಡೆಯ ಹೊರಗೆ ಇರಬೇಕು. ಆ ಸುಳಿವನ್ನು ನಾವು ಆಗ ಹಿಡಿಯಲಿಲ್ಲ, ಅದಕ್ಕೆ ದಂಡವನ್ನೂ ತೆತ್ತೆವು.

ಗಣಪತಿ ಮಂಟಪಕ್ಕೆ ತರುವ ಬಿಳಿ ಥರ್ಮಾಕೋಲ್ ಹಾಳೆಗಳನ್ನು ತಂದು ಖೋಲಿಯ ಒಳಗಡೆ ಗೋಡೆಗೆ ಹಚ್ಚಿದೆವು. ಅಗ್ಗ, ಒಂದೇ ದಿನದ ಕೆಲಸ, ಗೌಂಡಿಯೂ ಬೇಡ. ಮರಕ್ಕೆ ಸನ್‌ಮೈಕಾ ಅಂಟಿಸುವ ಹಳದಿ ಅಂಟು ಬಳಿದಾಗ ಹಾಳೆಯಲ್ಲಿ ತೂತುಗಳು ಬಿದ್ದವು, ಬೆಲ್ಲಕ್ಕೆ ನೀರು ಬಿದ್ದ ಹಾಗೆ. ಥರ್ಮಾಕೋಲ್ ಅಂಥ ಅಂಟಿಗೆ, ಥಿನ್ನರಿಗೆ, ಪೆಟ್ರೋಲಿಗೆ ಕರಗುತ್ತದೆ ಎಂಬುದು ಮುಟ್ಟಿ ಕಲಿತ ಪಾಠ. ಬೇರೆ ಅಂಟು ತಂದು ಹಚ್ಚಿದೆವು. ತಿಂಗಳೊಳಗೆ ಹಿಂದೆ ಇಲಿ ಸೇರಿತು, ರಾತ್ರಿಯೆಲ್ಲ ಕರಕರ. ಒಂದು ಸಂಜೆ ದೇವರ ಮಾಡದ ದೀಪ ವಾಲಿ ಒಂದು ಮೂಲೆಗೆ ತಾಗಿತು. ಭಗ್ಗೆಂದು ಉರಿದು, ಕರಗಿ ಉರಿಯುವ ಹನಿಗಳು ಹಾಸಿಗೆ ಮೇಲೆ ತೊಟ್ಟಿಕ್ಕಿದವು. ಕರಿ ಹೊಗೆ. ಅವ್ವ ಪಡಸಾಲಿಯಲ್ಲಿದ್ದದ್ದು ನಮ್ಮ ಪುಣ್ಯ. ಅದೇ ರಾತ್ರಿ ಎಲ್ಲ ಕಿತ್ತು ಹಾಕಿದೆವು.

"ಗಣಪತಿ ಮಂಟಪದ ಸಾಮಾನು ತಂದು ಮನಿಗೆ ಹಚ್ಚತಾರ, ಓದಿದಾವ್ರು," ಅಂದ ಅಪ್ಪ. ಓದಿದ್ದು ಪತ್ರಿಕೋದ್ಯಮ, ಗೋಡೆಯಲ್ಲ ಎಂದು ಹೇಳುವ ಧೈರ್ಯ ಆಗಲಿಲ್ಲ.

ವಿಷಯ ತಿರುಗಿದ್ದು ವಿಜಯಪುರದಲ್ಲಿ. ಅಕ್ಕನ ಮನೆಯವರು ಜಮಖಂಡಿ ಕಡೆ ದ್ರಾಕ್ಷಿ ಬೆಳೆಯುತ್ತಾರೆ. ಅವರ ಒಣದ್ರಾಕ್ಷಿ ಇಡಲು ಕೋಲ್ಡ್ ಸ್ಟೋರೇಜಿಗೆ ಜೊತೆಗೆ ಹೋಗಿದ್ದೆವು. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಸ್ವೆಟರ್ ಬೇಕು. ನಡುವೆ ಇದ್ದ ಗೋಡೆ ಗೇಣು ಕೂಡ ಇಲ್ಲ, ಎರಡು ತಗಡಿನ ನಡುವೆ ಹಳದಿ ಫೋಮ್. ಇಷ್ಟು ತೆಳ್ಳಗಿನದು ಇಷ್ಟು ತಡೆಯುತ್ತದೆ ಅಂದರೆ ನಮ್ಮ ಥರ್ಮಾಕೋಲ್ ಯಾಕೆ ಸೋತಿತು ಎಂದು ಅಲ್ಲಿಯ ಮೆಕ್ಯಾನಿಕ್ಕಿಗೆ ಕೇಳಿದೆವು. ಆತ ನಕ್ಕು, "ನಿಮ್ಮ ಥರ್ಮಾಕೋಲ್ ಸೋತಿಲ್ರಿ, ನೀವು ಹಚ್ಚಿದ ಜಾಗ ಸೋತೈತಿ," ಅಂದ.

ಅವತ್ತಿನಿಂದ ಆರು ತಿಂಗಳು ಈ ಹಾಳೆಗಳದ್ದೇ ಧ್ಯಾನ. ನಮಗೆ ತಿಳಿದದ್ದನ್ನು ತಿಳಿದ ಹಾಗೆ ಬರೆಯುತ್ತೇವೆ.

ಥರ್ಮಾಕೋಲಿನಲ್ಲಿ ನೂರಕ್ಕೆ 98 ಪಾಲು ಗಾಳಿ, ಪ್ಲಾಸ್ಟಿಕ್ ಎರಡೇ ಪಾಲು. ಕಾವು ತಡೆಯುವ ವಿಷಯದಲ್ಲಿ ಒಂದು ಇಂಚು ಥರ್ಮಾಕೋಲ್ ಸುಮಾರು 20 ಇಂಚು ಇಟ್ಟಂಗಿಗೆ ಸಮ. ಎರಡು ಇಂಚು ಹಚ್ಚಿದರೆ ಮೂರು ಅಡಿಗಿಂತ ದಪ್ಪ ಇಟ್ಟಂಗಿ ಗೋಡೆ ಎದ್ದ ಲೆಕ್ಕ. ಹಾಗಾದರೆ ಹಳೆ ಮನೆಯ ಕಲ್ಲು-ಮಣ್ಣಿನ ಗೋಡೆ ಹೇಗೆ ತಂಪಾಗಿತ್ತು? ಅದು ಕಾವನ್ನು ತಡೆಯುತ್ತಿರಲಿಲ್ಲ, ತಡ ಮಾಡುತ್ತಿತ್ತು. ಅಷ್ಟು ಭಾರದ ಕಲ್ಲು ಕಾಯುವುದಕ್ಕೇ ದಿನ ಬೇಕು, ಕಾಯುವಷ್ಟರಲ್ಲಿ ರಾತ್ರಿಯ ಗಾಳಿ ಬಂದು ಆರಿಸುತ್ತಿತ್ತು. ಒಂಬತ್ತು ಇಂಚಿನ ಇಟ್ಟಂಗಿ ತಡೆಯುವುದೂ ಇಲ್ಲ, ಸಾಕಷ್ಟು ತಡ ಮಾಡುವುದೂ ಇಲ್ಲ. ಹಗಲಿನ ಕಾವನ್ನು ಸರಿಯಾಗಿ ಮಲಗುವ ಹೊತ್ತಿಗೆ ತಲುಪಿಸುತ್ತದೆ.

ಒಳಗಡೆ ಹಾಳೆ ಹಚ್ಚಿದರೆ ಏನಾಗುತ್ತದೆ? ಇಟ್ಟಂಗಿ ಹೊರಗೇ ಉಳಿದು ದಿನವೂ ಕಾಯುತ್ತದೆ, ಅದರ ಭಾರ ಖೋಲಿಯ ಲೆಕ್ಕಕ್ಕೆ ಬರುವುದಿಲ್ಲ. ಹೊರಗಡೆ ಹಚ್ಚಿದರೆ ಹಾಳೆ ಬಿಸಿಲು ತಡೆಯುತ್ತದೆ, ಇಟ್ಟಂಗಿ ನೆರಳಿನಲ್ಲಿ ಒಳಗೆ ಉಳಿಯುತ್ತದೆ. ರಾತ್ರಿ ಕಿಟಕಿ ತೆರೆದು ಅದನ್ನು ಆರಿಸಿಕೊಂಡರೆ ಮರುದಿನ ಮಧ್ಯಾಹ್ನ ತನಕ ಅದೇ ಇಟ್ಟಂಗಿ ಹಳೆ ಮನೆಯ ಗೋಡೆಯ ಹಾಗೆ ತಣ್ಣಗಿರುತ್ತದೆ. ತಡೆಯುವುದು ಹೊರಗೆ, ತಡ ಮಾಡುವುದು ಒಳಗೆ. ಮೆಕ್ಯಾನಿಕ್ ಹೇಳಿದ "ಜಾಗ" ಇದು. ಬೆಂಕಿಯ ಭಯವೂ ಹಾಗೆಯೇ, ದೀಪ, ಗ್ಯಾಸು, ಸ್ವಿಚ್ಚು ಎಲ್ಲ ಇರುವುದು ಒಳಗೆ.

ಇನ್ನು ಯಾವ ಹಾಳೆ? ಅಂಗಡಿಯಲ್ಲಿ ಮೂರು ಬಗೆ ತೋರಿಸುತ್ತಾರೆ. ಕಾಳು ಕಾಳಾಗಿ ಕಾಣುವ ಬಿಳಿ ಥರ್ಮಾಕೋಲ್, ಅಂದರೆ ಇಪಿಎಸ್. ಕಾಳು ಕಾಣದ, ನುಣುಪಾದ, ಗುಲಾಬಿ ಅಥವಾ ನೀಲಿ ಬಣ್ಣದ ಎಕ್ಸ್‌ಪಿಎಸ್. ಮತ್ತೆ ಕೋಲ್ಡ್ ಸ್ಟೋರೇಜಿನ ಹಳದಿ ಪಫ್. ಒಂದೇ ದಪ್ಪಕ್ಕೆ ಪಫ್ ಎಲ್ಲಕ್ಕಿಂತ ಹೆಚ್ಚು ತಡೆಯುತ್ತದೆ, ಬೆಲೆಯೂ ಎಲ್ಲಕ್ಕಿಂತ ಹೆಚ್ಚು. ಜಾಗ ಕಡಿಮೆ ಇದ್ದವರಿಗೆ ಅದು ಸರಿ. ನಮ್ಮ ಗೋಡೆಯ ಹೊರಗೆ ಹೊಲವೇ ಇದೆ, ಅರ್ಧ ಇಂಚು ಉಳಿಸಿ ಏನು ಮಾಡುವುದು? ಎಕ್ಸ್‌ಪಿಎಸ್ ನೀರು ಬಹಳ ಕಡಿಮೆ ಹೀರುತ್ತದೆ, ಭಾರ ತಾಳುತ್ತದೆ. ಅದು ಮಾಳಿಗೆಯ ಸಾಮಾನು, ಮೇಲೆ ಜನ ಓಡಾಡುತ್ತಾರೆ, ಮಳೆ ನೀರು ನಿಲ್ಲುತ್ತದೆ. ನೆಟ್ಟಗೆ ನಿಂತ ಗೋಡೆಯ ಮೇಲೆ ನೀರು ನಿಲ್ಲುವುದಿಲ್ಲ, ಯಾರೂ ನಡೆಯುವುದಿಲ್ಲ. ಜೊತೆಗೆ ಅದರ ನುಣುಪಿಗೆ ಗಿಲಾವ ಹಿಡಿಯುವುದು ಕಷ್ಟ, ಮೈ ಕೆರೆದು ಒರಟು ಮಾಡಿಕೊಳ್ಳಬೇಕು. ನಮಗೆ ಹೇಳಿದ ಬೆಲೆಯಲ್ಲಿ ಅದು ಬಿಳಿ ಹಾಳೆಯ ಎರಡು ಪಟ್ಟು. ಹೀಗೆ ಸುತ್ತಿ ಸುತ್ತಿ ಬಂದು ನಿಂತಿದ್ದು ಅದೇ ಬಿಳಿ ಥರ್ಮಾಕೋಲ್ ಹತ್ತಿರ. ಆದರೆ ಮಂಟಪದ್ದಲ್ಲ.

ಇಲ್ಲಿ ಮೋಸ ಬಹಳ, ನಿಧಾನವಾಗಿ ಓದಿ. ಗೋಡೆಗೆ ಬೇಕಾದದ್ದು ಘನ ಮೀಟರಿಗೆ 20 ಕೆಜಿ ಸಾಂದ್ರತೆಯದು. ಅಂಗಡಿಯವರು "20 ಡೆನ್ಸಿಟಿ" ಅನ್ನುತ್ತಾರೆ. ನೋಡಿದರೆ ಎಲ್ಲ ಬಿಳಿ, ಗುರುತು ಹತ್ತುವುದಿಲ್ಲ. ಗುರುತು ಹತ್ತುವುದು ತಕ್ಕಡಿಗೆ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 50 ಮಿಲಿಮೀಟರ್ ಅಂದರೆ ಎರಡು ಇಂಚು ದಪ್ಪದ ಹಾಳೆಗಳು 40 ಸೇರಿದರೆ ಒಂದು ಘನ ಮೀಟರ್. 20 ಕೆಜಿಯನ್ನು 40ರಿಂದ ಭಾಗಿಸಿದರೆ ಒಂದು ಹಾಳೆ ಅರ್ಧ ಕೆಜಿ ತೂಗಬೇಕು. ನಾವು ಮೊದಲು ಕೇಳಿದ ಅಂಗಡಿಯಲ್ಲಿ "20 ಡೆನ್ಸಿಟಿ ಗ್ಯಾರಂಟಿ ರೀ" ಎಂದು ಕೊಟ್ಟ ಹಾಳೆಯನ್ನು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಇಟ್ಟರೆ 290 ಗ್ರಾಂ. ಹೆಚ್ಚೆಂದರೆ 12ರ ಮಾಲು. ಕಿರಾಣಿ ಸಾವ್ಕಾರ, "ಇದನ್ನೇನು ತೂಗತೀರಿ, ಗಾಳೀನೂ ಕೆಜಿ ಲೆಕ್ಕದಾಗ ಮಾರತಾರೇನು?" ಎಂದು ನಕ್ಕ. ಹೌದು, ಗಾಳಿಯಲ್ಲೇ ಮೋಸ ಮಾಡುವುದು. ಎರಡನೆಯ ಅಂಗಡಿಯ ಹಾಳೆ 495 ಗ್ರಾಂ ತೂಗಿತು, ಅದನ್ನೇ ತಂದೆವು.

ಎರಡನೆಯದು ಬೆಂಕಿ. ಕಟ್ಟಡಕ್ಕೆ ಬೆಂಕಿ ತಡೆಯುವ ಮದ್ದು ಬೆರೆಸಿದ ಥರ್ಮಾಕೋಲ್ ಬರುತ್ತದೆ, "ಎಫ್‌ಆರ್ ಗ್ರೇಡ್" ಎಂದು ಕೇಳಬೇಕು. ಕಾವು ತಡೆಯುವ ಥರ್ಮಾಕೋಲಿಗೆ ಭಾರತೀಯ ಮಾನಕ ಐಎಸ್ 4671 ಇದೆ, ಬಿಲ್ಲಿನ ಮೇಲೆ ಅದನ್ನು ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಂಗಡಿ ಬದಲಿಸಿ. ಒಂದು ಚೂರು ಮುರಿದು, ಬಯಲಿನಲ್ಲಿ, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ. ಎಫ್‌ಆರ್ ಮಾಲು ಮುದುಡುತ್ತದೆ, ಕಡ್ಡಿ ದೂರ ಸರಿಸಿದರೆ ಆರುತ್ತದೆ. ಮಂಟಪದ್ದು ಉರಿಯುತ್ತಲೇ ಇರುತ್ತದೆ. ಹೊಗೆ ಕುಡಿಯಬೇಡಿ. ಎಫ್‌ಆರ್ ಅಂದರೆ ಉರಿಯುವುದೇ ಇಲ್ಲ ಎಂದಲ್ಲ, ದೊಡ್ಡ ಬೆಂಕಿಗೆ ಅದೂ ಉರಿಯುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ಕಟ್ಟಡಕ್ಕೆ 2017ರ ಜೂನ್ 14ರಂದು ಬೆಂಕಿ ಬಿದ್ದು 72 ಜನ ಸತ್ತರು. ಶುರುವಾಗಿದ್ದು ಒಂದು ಮನೆಯ ಫ್ರಿಜ್ಜಿನಿಂದ. ಹಬ್ಬಿದ್ದು ಹೊರ ಗೋಡೆಗೆ ಹೊದಿಸಿದ್ದ, ನಡುವೆ ಪ್ಲಾಸ್ಟಿಕ್ ಇದ್ದ ಅಲ್ಯುಮಿನಿಯಂ ತಗಡಿನಿಂದ, ಅದರ ಹಿಂದೆ ಫೋಮ್ ಹಾಳೆಯೂ ಇತ್ತು. ನಮ್ಮದು 11 ಅಡಿ ಗೋಡೆ, ಹಿಂದೆ ಹೊಲ, ಓಡಿ ಹೋಗಲು ಬಾಗಿಲು ಹತ್ತಿರ. ಆದರೂ ಆ ಸುದ್ದಿಯಿಂದ ಎರಡು ಮಾತು ತೆಗೆದುಕೊಂಡೆವು. ಹಾಳೆಯ ಹಿಂದೆ ಗಾಳಿ ಓಡುವ ಸಂದಿ ಬಿಡಬಾರದು, ಸಂದಿ ಬಿಟ್ಟರೆ ಅದು ಒಲೆಯ ಚಿಮಣಿ. ಹಾಳೆಯ ಒಂದು ಬೆರಳಗಲವೂ ಗಿಲಾವವಿಲ್ಲದೆ ಬೆತ್ತಲೆ ಇರಬಾರದು. ಬೆತ್ತಲೆ ಬಿಟ್ಟರೆ ಬೆಂಕಿ ಹಾಗಿರಲಿ, ಬಿಸಿಲಿಗೇ ಹಳದಿಯಾಗಿ ಪುಡಿ ಉದುರುತ್ತದೆ.

ದುಡ್ಡಿನ ಮಾತು ಬಂದಾಗ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಹಾಳೆ, ಅಂಟು, ಜಾಳಿಗೆ, ಕೂಲಿ ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ಎಸಿ, ಸ್ಟೆಬಿಲೈಜರಿನ ಬೆಲೆ. ಕಬ್ಬಿನ ಬಿಲ್ಲು ಬಂದಿತ್ತು, ಆದರೆ ಅದು ಎರಡು ಎಕರೆಗೆ ಡ್ರಿಪ್ ಹಾಕಿಸಲು ಎತ್ತಿಟ್ಟ ದುಡ್ಡು. ಅಪ್ಪ ಮೂರು ವರ್ಷದಿಂದ ಆ ಡ್ರಿಪ್ಪಿನ ಕನಸು ಕಾಣುತ್ತಿದ್ದ. "ಗ್ವಾಡಿಗೆ ಅಂಗಿ ಹೊಲಸಾಕ ಹೊಲದ ರೊಕ್ಕ ಹಾಕತೀರಿ," ಅಂದ. ಅವ್ವ, "ನನ್ನ ಸಲುವಾಗಿ ಬ್ಯಾಡಪಾ, ನಾ ಕಟ್ಟಿ ಮ್ಯಾಲ ಮಲಗತೀನಿ," ಅಂದಳು. ಕಟ್ಟೆಯ ಮೇಲೆ ಸೊಳ್ಳೆ, ಮೊಣಕಾಲು ನೋವಿನವಳಿಗೆ ರಾತ್ರಿ ಮೂರು ಸಲ ಏರಿ ಇಳಿಯುವುದು. ಕೊನೆಗೆ ಅಪ್ಪ ಏನೂ ಹೇಳದೆ ಪಾಸ್‌ಬುಕ್ ತಂದು ಟಿವಿ ಮೇಲೆ ಇಟ್ಟು ಹೊಲಕ್ಕೆ ಹೋದ. ಡ್ರಿಪ್ ಇನ್ನೂ ಆಗಿಲ್ಲ. ವಾರಕ್ಕೊಮ್ಮೆಯಾದರೂ ಆ ಮಾತು ಬರುತ್ತದೆ, ಬರುವುದು ನ್ಯಾಯವೇ.

ಗೌಂಡಿ ಕಾಕಾ ನಮ್ಮ ಮನೆ ಕಟ್ಟಿದವರೇ. ಥರ್ಮಾಕೋಲಿಗೆ ಗಿಲಾವ ಅಂದಾಗ ಕೈಮುಗಿದರು. "ತಮ್ಮಾ, ಇದಕ್ಕ ಸಿಮೆಂಟ್ ಹಿಡಿಯೂದುಲ್ಲ. ನಾಳೆ ಬಿದ್ದರ ನನ್ನ ಹೆಸರು ಕೆಡತೈತಿ." ಅವರು ಹೇಳಿದ್ದು ಸರಿ. ಬರೀ ಉಸುಕು-ಸಿಮೆಂಟ್ ಹಿಡಿಯುವುದಿಲ್ಲ. ಪಾಲಿಮರ್ ಬೆರೆಸಿದ ಸಿಮೆಂಟ್ ಅಂಟು ಚೀಲದಲ್ಲಿ ಸಿಗುತ್ತದೆ, ನೀರು ಕಲಸಿ ಹಚ್ಚುವುದು. ಮೊದಲು ಬಚ್ಚಲ ಗೋಡೆಯ ಹೊರಗೆ ಒಂದೇ ಹಾಳೆ ಹಚ್ಚಿ, ಮೇಲೆ ಜಾಳಿಗೆ ಕೂಡಿಸಿ ಗಿಲಾವ ಮಾಡಿ, ಹದಿನೈದು ದಿನ ಬಿಟ್ಟೆವು. ಕಾಕಾ ಬಂದು ಕೈಯಿಂದ ತಟ್ಟಿದರು, ಕರಣೆಯ ಹಿಡಿಯಿಂದ ಕುಟ್ಟಿದರು, ಕೊನೆಗೆ ಉಳಿಯಿಂದ ಎಬ್ಬಿಸಲು ನೋಡಿದರು. ಹಾಳೆ ನಡುವೆ ಹರಿಯಿತೇ ಹೊರತು ಗೋಡೆ ಬಿಡಲಿಲ್ಲ. "ಹಂಗಾದ್ರ ಮಾಡೂಣು," ಅಂದರು.

ಜನವರಿಯಲ್ಲಿ ಕೆಲಸ ಹಿಡಿದೆವು. ಕಿಟಕಿ ಕಳೆದು 226 ಚದರಡಿ, ಸುಮಾರು 21 ಚದರ ಮೀಟರ್, ಅಂದರೆ 42 ಹಾಳೆ. ಮುರಿಯುವುದು, ಕತ್ತರಿಸುವುದು ಎಂದು 45 ತಂದಿದ್ದೆವು, ಎರಡು ಉಳಿದವು. ಗೋಡೆಯ ಸುಣ್ಣ ಕೆರೆದು ತೊಳೆದು, ಹಾಳೆಯ ಅಂಚಿಗೆ ಸುತ್ತಲೂ ಅಂಟು, ನಡುವೆ ಮೂರು ಮುದ್ದೆ ಇಟ್ಟು ಒತ್ತುವುದು. ಅಂಚಿಗೆ ಅಂಟು ತುಂಬಿದರೆ ಹಿಂದೆ ಗಾಳಿ ಓಡುವುದಿಲ್ಲ, ಇಲಿಗೂ ದಾರಿ ಇಲ್ಲ. ಇಟ್ಟಂಗಿ ಕಟ್ಟಿದ ಹಾಗೆ ಒಂದು ಸಾಲಿನ ಸಂದು ಇನ್ನೊಂದು ಸಾಲಿನ ಸಂದಿನ ಮೇಲೆ ಬರಬಾರದು. ಅಂಟು ಒಣಗಿದ ಮೇಲೆ ಅಗಲ ತಲೆಯ ಪ್ಲಾಸ್ಟಿಕ್ ಗೂಟಗಳನ್ನು ಡ್ರಿಲ್ ಮಾಡಿ ಹೊಡೆಯುವುದು, ಚದರ ಮೀಟರಿಗೆ ಆರು. ಆಮೇಲೆ ತೆಳ್ಳಗೆ ಅಂಟು ಬಳಿದು, ಹಸಿ ಇರುವಾಗಲೇ ಫೈಬರ್ ಜಾಳಿಗೆ ಒತ್ತಿ, ಮೇಲೆ ಇನ್ನೊಂದು ಕೈ. ಜಾಳಿಗೆ ಸಿಮೆಂಟಿನ ಖಾರ ತಾಳುವಂಥದೇ ಬೇಕು, ಸಾದಾ ಜಾಳಿಗೆಯನ್ನು ಸಿಮೆಂಟ್ ವರ್ಷಗಳಲ್ಲಿ ತಿಂದು ಹಾಕುತ್ತದೆ. ಕೊನೆಗೆ ಬಿಳಿ ಬಣ್ಣ. ಬಿಳಿ ಅಂದದ್ದಕ್ಕೂ ಕಾರಣ ಇದೆ. ಕಪ್ಪು ಬಣ್ಣ ಬಿಸಿಲು ಹೀರಿ ವಿಪರೀತ ಕಾಯುತ್ತದೆ, 80 ಡಿಗ್ರಿ ದಾಟಿದರೆ ಥರ್ಮಾಕೋಲ್ ಕುಗ್ಗತೊಡಗುತ್ತದೆ.

ನೆಲದಿಂದ ಒಂದೂವರೆ ಅಡಿ ಹಾಳೆ ಹಚ್ಚದೆ ಬಿಟ್ಟು ಅಲ್ಲಿ ಫರ್ಸಿ ಕಲ್ಲು ನಿಲ್ಲಿಸಿದೆವು. ಮಣ್ಣಿಗೆ ತಾಗಿದ ಹಾಳೆಯ ಹಿಂದೆ ಒರಲಿ ದಾರಿ ಮಾಡಿಕೊಂಡು ಹೋದರೆ ಹೊರಗಿನಿಂದ ಕಾಣುವುದೇ ಇಲ್ಲ. ಇಳಿಮಳೆ ಸಿಡಿಯುವುದೂ ಅಲ್ಲಿಯೇ. ಆ ಒಂದೂವರೆ ಅಡಿಯಲ್ಲಿ ಕಾವು ಒಳಗೆ ಬರುತ್ತದೆ, ಬರಲಿ.

ಜಗಳ ಆಗಿದ್ದು ಗೂಟಗಳ ಮೇಲೆ. ಆ ಗೋಡೆಯ ಹೊರಗೆ ಅಪ್ಪನ ನಾಲ್ಕು ಕಟ್ಟಿಗೆಯ ಗೂಟಗಳಿದ್ದವು. ಹಗ್ಗ, ಮಿಣಿ, ಕುಡಗೋಲು, ಬುಟ್ಟಿ ಎಲ್ಲ ಅಲ್ಲೇ. ಹಾಳೆ ಹಚ್ಚಿದ ಮೇಲೆ ಭಾರ ತೂಗುಹಾಕುವಂತಿಲ್ಲ. ಅಪ್ಪ ಒಂದೊಂದೇ ಗೂಟ ತಾನೇ ಕಿತ್ತು ದನದ ಕೊಟ್ಟಿಗೆಗೆ ಬಡಿದುಕೊಂಡ. ಈಗಲೂ ಹೊಲದಿಂದ ಬಂದವನ ಕೈ ಅಭ್ಯಾಸಬಲದಿಂದ ಆ ಗೋಡೆಯ ಕಡೆ ಏಳುತ್ತದೆ, ಆಮೇಲೆ ಇಳಿಯುತ್ತದೆ.

ಹೋದ ಮೇ ತಿಂಗಳು ಪರೀಕ್ಷೆಯ ತಿಂಗಳು. ಮೊದಲ ವಾರ ಖೋಲಿ ತಣ್ಣಗೇನೂ ಆಗಲಿಲ್ಲ, ನಮ್ಮ ಎದೆ ಧಸಕ್ಕೆಂದಿತು. ಗೋಡೆ ಮುಟ್ಟಿದರೆ ಬಿಸಿಯಿಲ್ಲ, ಆದರೂ ಉಸಿರುಗಟ್ಟಿದ ಹಾಗೆ. ತಪ್ಪು ನಮ್ಮದೇ. ಸೊಳ್ಳೆಗೆ ಹೆದರಿ ರಾತ್ರಿ ಕಿಟಕಿ ಮುಚ್ಚುತ್ತಿದ್ದೆವು. ಈ ಹೊದಿಕೆ ಹೊರಗಿನ ಕಾವು ಒಳಗೆ ಬಿಡದ ಹಾಗೆ ಒಳಗಿನ ಕಾವನ್ನು ಹೊರಗೂ ಬಿಡುವುದಿಲ್ಲ. ಕಿಟಕಿಗೆ ಸೊಳ್ಳೆ ಜಾಳಿಗೆ ಬಡಿಸಿ, ಬೆಳಿಗ್ಗೆ ಎಂಟಕ್ಕೆ ಮುಚ್ಚುವುದು, ರಾತ್ರಿ ಎಂಟಕ್ಕೆ ತೆರೆಯುವುದು ಎಂದು ಮಾಡಿದ ಮೇಲೆ ಸರಿಹೋಯಿತು. ರಾತ್ರಿ ಹತ್ತೂವರೆಗೆ ಪಶ್ಚಿಮದ ಗೋಡೆ ಮತ್ತು ನಡುಗೋಡೆ ಎರಡಕ್ಕೂ ಕೈ ಇಟ್ಟರೆ ಈಗ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಸಿ ಖೋಲಿಯ ತಂಪು ಅದಲ್ಲ, ಹಾಗೆಂದು ಯಾರಿಗೂ ಹೇಳುವುದಿಲ್ಲ. ಹೊರಗಿನ ಗಾಳಿಯೇ ಬಿಸಿ ಇರುವ ರಾತ್ರಿ ಒಳಗೂ ಧಗಿಯೇ. ಗೋಡೆ ಒಲೆಯಾಗುವುದು ನಿಂತಿತು, ಅಷ್ಟೇ. ಆ ಬ್ಯಾಸಗಿ ಅವ್ವ ಒಂದು ದಿನವೂ ದವಾಖಾನಿಗೆ ಹೋಗಲಿಲ್ಲ.

ಜುಲೈ ಮಳೆಗೆ ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಒಂದು ಬಿರುಕು ಬಿತ್ತು. ಕಿಟಕಿಯ ನಾಲ್ಕೂ ಮೂಲೆಗೆ ಜಾಳಿಗೆಯ ಒಂದೊಂದು ತುಂಡನ್ನು ಓರೆಯಾಗಿ ಹೆಚ್ಚುವರಿ ಕೂಡಿಸಬೇಕಿತ್ತು, ನಾವು ಬಿಟ್ಟಿದ್ದೆವು. ಕಾಕಾ ಬಂದು ಸೀಳಿ, ಜಾಳಿಗೆ ಇಟ್ಟು ಮುಚ್ಚಿದರು. ನೀವು ಮಾಡಿಸುವುದಾದರೆ ಮೊದಲೇ ನೆನಪಿಸಿ.

ಇದನ್ನೆಲ್ಲ ನೋಡಲು ಬಂದವರಲ್ಲಿ ಹೆಚ್ಚಿನವರದ್ದು ಒಂದೇ ಅಂತಸ್ತಿನ ಸ್ಲ್ಯಾಬ್ ಮನೆ. ಅವರಿಗೆ ನಾವು ಗೋಡೆ ಬಿಟ್ಟು ಮೇಲೆ ನೋಡಿ ಅನ್ನುತ್ತೇವೆ. ಬ್ಯಾಸಗಿಯಲ್ಲಿ ಹೆಚ್ಚು ಬಿಸಿಲು ಬೀಳುವುದು ಮಾಳಿಗೆಗೆ, ಅದು ಕಾಯುತ್ತಿರುವಾಗ ಗೋಡೆಗೆ ದುಡ್ಡು ಹಾಕುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ ಸಂಹಿತೆಯೂ ಮಾಳಿಗೆಗೆ ಬೇರೆಯೇ ಮಿತಿ ಇಟ್ಟಿದೆ. ದುಡ್ಡಿಲ್ಲದಿದ್ದರೆ ಮಾರ್ಚಿನಲ್ಲಿ ಮಾಳಿಗೆಗೆ ಗಟ್ಟಿಯಾಗಿ ಎರಡು ಕೈ ಸುಣ್ಣ ಬಳಿಯಿರಿ. ಅದಕ್ಕೆ ಥರ್ಮಾಕೋಲ್ ಬೇಕಿಲ್ಲ, ಪತ್ರಿಕೋದ್ಯಮದ ಪದವಿಯೂ ಬೇಕಿಲ್ಲ. ಹೊಸದಾಗಿ ಕಟ್ಟುವವರು ಮಲಗುವ ಖೋಲಿಯನ್ನು ಪೂರ್ವಕ್ಕೆ ಇಟ್ಟು ಪಶ್ಚಿಮಕ್ಕೆ ಬಚ್ಚಲು, ಜಿನಸಿನ ಖೋಲಿ ಹಾಕಿಕೊಂಡರೆ ಈ ಖರ್ಚಿನ ಅರ್ಧ ಉಳಿಯುತ್ತದೆ.

ಉಳಿದ ಎರಡು ಹಾಳೆಗಳಲ್ಲಿ ಒಂದನ್ನು ಅವ್ವ ನೀರಿನ ಕೊಡದ ಕೆಳಗೆ ಹಾಸಿಕೊಂಡಿದ್ದಾಳೆ. ಇನ್ನೊಂದು ರಿಪೇರಿಗೆ ಬೇಕಾಗಿದೆ. ಗೋಡೆಯ ಮೂಲೆಗೆ ಎಮ್ಮೆ ಬೆನ್ನು ತಿಕ್ಕಿ ತಿಕ್ಕಿ ಗಿಲಾವ ಎಬ್ಬಿಸಿದೆ, ಅಂಗೈಯಗಲ ಬಿಳಿ ಕಾಳು ಕಾಣುತ್ತಿವೆ. ಅಮಾವಾಸ್ಯೆ ಮರುದಿನ ಬರುತ್ತೇನೆ ಎಂದಿದ್ದಾರೆ ಗೌಂಡಿ ಕಾಕಾ. ಅಷ್ಟರೊಳಗೆ ಎಮ್ಮೆ ಕಟ್ಟುವ ಗೂಟವನ್ನು ಬೇವಿನ ಸಸಿಯ ಆಚೆಗೆ ಸರಿಸಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ.